ಕಡಲಾಚೆಯ ಹಲಸಿನ ಮರ

ಮಠದ ಜಗುಲಿಯಲ್ಲಿ ಕುಳಿತು ಓದು ಕಲಿತ ನಮ್ಮಂಥವರಿಗೆ ದೇಶ ಸುತ್ತುವ ಹಂಬಲ ಅಷ್ಟಾಗಿ ಇರುವುದಿಲ್ಲ. ಶ್ರೀಶೈಲ, ಕಾಶಿ, ಕೂಡಲಸಂಗಮ, ಉಳವಿ ಇಷ್ಟನ್ನು ಕಂಡರೆ ಕಣ್ಣು ತಣಿಯಿತು. ಅಂಥ ನಾವು ಅರವತ್ತೈದನೆಯ ವಯಸ್ಸಿನಲ್ಲಿ, ಭೂಮಂಡಲದ ಇನ್ನೊಂದು ಮಗ್ಗುಲಿಗಿರುವ ದಕ್ಷಿಣ ಅಮೆರಿಕದ ಬ್ರೆಜಿಲ್ ದೇಶಕ್ಕೆ ಹೋಗಿ, ಅಲ್ಲಿಯ ರಿಯೊ ಡಿ ಜನೈರೊ ಎಂಬ ಕಡಲ ತಡಿಯ ನಗರದಲ್ಲಿ ಒಂದು ತಿಂಗಳು ಇದ್ದು ಬಂದೆವೆಂದರೆ, ಅದಕ್ಕೆ ಪ್ರವಾಸದ ಆಸೆ ಕಾರಣವಲ್ಲ. ಮಕ್ಕಳ ಮೋಹ ಕಾರಣ.

ನಮ್ಮ ಹಿರಿಯ ಮಗ ಕಡಲಡಿಯ ತೈಲಕ್ಕೆ ಸಂಬಂಧಿಸಿದ ಒಂದು ಸಂಸ್ಥೆಯಲ್ಲಿ ಎಂಜಿನಿಯರನಾಗಿ ಆ ನಗರ ಸೇರಿ ಆರು ವರ್ಷಗಳಾಗಿದ್ದವು. ಹೋಗುವಾಗ ಮೂರು ವರ್ಷದ ಕೂಸಾಗಿದ್ದ ಮೊಮ್ಮಗ ಈಗ ಒಂಬತ್ತು ವರ್ಷದವನು. ಮೊಮ್ಮಗಳು ಹುಟ್ಟಿದ್ದೇ ಅಲ್ಲಿ. ಆ ನೆಲದಲ್ಲಿ ಹುಟ್ಟಿದ ಕೂಸಿಗೆ ಆ ದೇಶದ ಪೌರತ್ವ ತಾನಾಗಿ ದೊರೆಯುತ್ತದೆ. ಎರಡು ದೇಶಗಳ ಪೌರತ್ವವನ್ನು ನಮ್ಮ ಕಾನೂನು ಒಪ್ಪುವುದಿಲ್ಲ. ಎಂಟು ತಿಂಗಳ ಆ ಕೂಸು ತೊಟ್ಟಿಲಲ್ಲಿ ಮಲಗಿದ್ದಂತೆಯೇ ಪರದೇಶದ ಪ್ರಜೆಯಾಗಿತ್ತು. ಈ ಸಂಗತಿ ತಿಳಿದಂದಿನಿಂದ ನಮ್ಮ ಎದೆಯಲ್ಲಿ ಒಂದು ಮುಳ್ಳು ಆಡುತ್ತಿತ್ತು.

ಇದಕ್ಕೆ ಸರಿಯಾಗಿ ನಮ್ಮ ತಮ್ಮ ಊರ ಮನೆಯ ಪಾಲಿನ ಮಾತೆತ್ತಿದ್ದ. ಅವನದು ತಪ್ಪಲ್ಲ, ಅವನಿಗೂ ಬೆಳೆದ ಮಕ್ಕಳಿದ್ದಾರೆ. “ಅಣ್ಣಾ, ನಿನ್ನ ಮಗ ಮರಳಿ ಬರ್ತಾನೋ ಇಲ್ಲೋ ಅಷ್ಟು ಕೇಳಿಕೊಂಡು ಬಾ. ಬರೋದಾದರ ಮುಂದಿನ ಭಾಗ ಅವನಿಗಿರಲಿ. ಇಲ್ಲದಿದ್ದರ ನಾವು ದುರಸ್ತಿ ಮಾಡಿಕೊಂಡು ಇರತೇವಿ” ಎಂದು ಹೇಳಿ, ಒಪ್ಪಂದದ ಕಾಗದವೊಂದನ್ನು ಬರೆಸಿ ಕೊಟ್ಟಿದ್ದ. ಆ ಕಾಗದ ನಮ್ಮ ಕೋಟಿನ ಒಳಜೇಬಿನಲ್ಲಿ ಏಳು ಸಮುದ್ರ ದಾಟಿತು. ಮೂರು ವಾರ ಕಳೆದರೂ ಹೊರಗೆ ಬರಲಿಲ್ಲ. ಮಗನ ಮುಖ ಕಂಡಾಗಲೆಲ್ಲ ನಾಲಿಗೆ ಹಿಂದೆ ಸರಿಯುತ್ತಿತ್ತು. 2023ರ ಜುಲೈ ತಿಂಗಳು ಅದು. ಅಲ್ಲಿ ಆಗ ಚಳಿಗಾಲ, ಶಾಲೆಗಳಿಗೆ ರಜೆ. ಮಗನೂ ಒಂದು ದಿನ ರಜೆ ಪಡೆದು, “ಅಪ್ಪಾಜಿ, ನಾಳೆ ಎಲ್ಲರೂ ಕೂಡಿ ಊರು ನೋಡಿ ಬರೋಣ” ಎಂದ. ಕೇಳುವುದಿದ್ದರೆ ನಾಳೆಯೇ ಕೇಳಬೇಕೆಂದು ನಾವು ಅಂದು ರಾತ್ರಿ ನಿಶ್ಚಯ ಮಾಡಿದೆವು.

ಮಗನ ಮನೆ ಬೊಟಫೊಗೊ ಎಂಬ ಬಡಾವಣೆಯ ಒಂಬತ್ತನೆಯ ಅಂತಸ್ತಿನಲ್ಲಿದೆ. ಸ್ನಾನ, ಪೂಜೆ ಮುಗಿಸಿ ಕಿಟಕಿಯ ಪರದೆ ಸರಿಸಿದರೆ ಎದುರಿಗೆ ಕೊಲ್ಲಿಯ ನೀರು, ನೀರಿನಂಚಿಗೆ ನೆಟ್ಟಗೆ ಎದ್ದು ನಿಂತ ಒಂದು ಬೋಳು ಬಂಡೆ. ಹಿಂದೆ ಕಬ್ಬಿನ ಪಾಕವನ್ನು ಮಣ್ಣಿನ ಅಚ್ಚಿಗೆ ಸುರಿದು ಗೋಪುರದಾಕಾರದ ಸಕ್ಕರೆ ಮಾಡುತ್ತಿದ್ದರಂತೆ. ಬಂಡೆ ಹಾಗೆಯೇ ಕಾಣುವುದರಿಂದ ಅದಕ್ಕೆ ಸಕ್ಕರೆ ಅಚ್ಚಿನ ಗುಡ್ಡವೆಂದೇ ಹೆಸರು. ನಮ್ಮ ಮನೆಯವರು ಮೊದಲ ದಿನವೇ ಅದನ್ನು ನೋಡಿ, “ಗೌರಿ ಹುಣ್ಣಿವಿ ಸಕ್ಕರಿ ಆರತಿ ಇಟ್ಟಂಗ ಐತಿ ನೋಡ್ರಿ” ಎಂದಿದ್ದರು. ಅಂದಿನಿಂದ ಮನೆಯಲ್ಲಿ ಅದು ಆರತಿ ಗುಡ್ಡವಾಯಿತು.

ಬೆಳಗಿನ ಎಂಟು ಗಂಟೆಗೆ ನಾವು ಆರು ಮಂದಿ ಕೋಸ್ಮೆ ವೆಲ್ಯೊ ಎಂಬಲ್ಲಿ ಬೆಟ್ಟದ ರೈಲು ಹತ್ತಿದೆವು. ನಗರದ ನಡುವೆ ಕೊರ್ಕೊವಾಡೊ ಎಂಬ 710 ಮೀಟರ್ ಎತ್ತರದ ಶಿಖರವಿದೆ. ಅದರ ತುದಿಯಲ್ಲಿ ಕೈಚಾಚಿ ನಿಂತ ಕ್ರಿಸ್ತನ ವಿಗ್ರಹವನ್ನು ಲೋಕವೆಲ್ಲ ಚಿತ್ರದಲ್ಲಿ ಕಂಡಿದೆ. ಅಲ್ಲಿಗೆ ಹೋಗುವ ಈ ಹಲ್ಲುಹಳಿಯ ರೈಲನ್ನು 1884ರಲ್ಲಿ ಚಕ್ರವರ್ತಿ ಎರಡನೆಯ ಪೆದ್ರೊ ಉದ್ಘಾಟಿಸಿದ. ಎಂದರೆ ವಿಗ್ರಹಕ್ಕಿಂತ ರೈಲೇ ಹಿರಿಯದು. ವಿಗ್ರಹಕ್ಕೆ ಬೇಕಾದ ಸಾಮಗ್ರಿಯನ್ನು ಮೇಲಕ್ಕೆ ಹೊತ್ತುದೂ ಇದೇ ರೈಲು. ನಾಲ್ಕು ಕಿಲೋಮೀಟರಿಗೂ ಕಡಿಮೆಯ ದಾರಿ. ಆದರೆ ಆ ದಾರಿಯೆಲ್ಲ ದಟ್ಟ ಕಾಡು. ಕಿಟಕಿಯ ಗಾಜಿಗೆ ಎಲೆಗಳು ತಾಗುತ್ತಿದ್ದವು.

ಸ್ವಲ್ಪ ಮೇಲೇರುತ್ತಲೇ ನಮ್ಮ ಮನೆಯವರು ಎದ್ದು ನಿಂತರು. “ಅಯ್ಯ, ಇದು ಹಲಸಿನ ಗಿಡ ಅಲ್ಲೇನ್ರಿ!” ಅವರ ತವರು ಹಾನಗಲ್ಲಿನ ಕಡೆಯ ಮಲೆನಾಡಿನ ಅಂಚು. ಆಗ ಹಣ್ಣಿನ ಕಾಲವಾಗಿರಲಿಲ್ಲ. ಎಲೆ ಮತ್ತು ಬೊಡ್ಡೆ ನೋಡಿಯೇ ಗುರುತು ಹಿಡಿದರು. ಒಂದಲ್ಲ, ಎರಡಲ್ಲ, ಹಳಿಯ ಇಬ್ಬದಿಗೂ ಹಲಸೇ ಹಲಸು. ಪೋರ್ಚುಗೀಸರು ನಮ್ಮ ಕರಾವಳಿಯಿಂದ ಈ ಮರವನ್ನು ಶತಮಾನಗಳ ಹಿಂದೆಯೇ ತಂದರೆಂದೂ, ಇಲ್ಲಿ ಇದನ್ನು ‘ಜಾಕ’ ಎನ್ನುವುದು ಮಲೆಯಾಳಿಗಳ ‘ಚಕ್ಕ’ ಎಂಬ ಮಾತಿನಿಂದಲೇ ಎಂದೂ ಮಗ ತಿಳಿಸಿದ. ಮಾವಿಗೆ ಇಲ್ಲಿ ‘ಮಾಂಗ’ ಎನ್ನುತ್ತಾರೆ, ಅದೂ ನಮ್ಮ ದಕ್ಷಿಣದ ಮಾತೇ. ನಮಗೆ ಅಪಾರ ಸಂತೋಷವಾಯಿತು. “ನೋಡು, ನಮ್ಮ ನೆಲದ ಮರ ಇಲ್ಲಿಯೂ ಹೇಗೆ ಮೆರೆದಿದೆ!” ಎಂದೆವು.

ಸೊಸೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿದವಳು. ಅವಳು ಸ್ವಲ್ಪ ತಡೆದು, “ಮಾವನವರೆ, ಮೆರೆದದ್ದೇ ಇಲ್ಲಿ ತೊಡಕಾಗಿದೆ” ಎಂದಳು. ಹಲಸು ಇಲ್ಲಿ ತನ್ನಷ್ಟಕ್ಕೆ ತಾನೇ ಹಬ್ಬಿ ಈ ಕಾಡಿನ ಮೂಲದ ಸಸಿಗಳಿಗೆ ಜಾಗ ಕೊಡುತ್ತಿಲ್ಲವಂತೆ. ಆದುದರಿಂದ ಅರಣ್ಯದವರು ಎಳೆ ಸಸಿಗಳನ್ನು ಕಿತ್ತು, ಕೆಲವು ದೊಡ್ಡ ಮರಗಳ ತೊಗಟೆಯನ್ನು ಸುತ್ತ ಸುಲಿದು ಒಣಗಿಸುತ್ತಾರಂತೆ. ಮೊಮ್ಮಗ ಒಮ್ಮೆಲೇ, “ಹಾಗಾದ್ರೆ ಅಜ್ಜಾ, ಹಲಸು ವಾಪಸ್ ಹೋಗ್ಬೇಕಾ?” ಎಂದು ಕೇಳಿದ. ನಾವು ಮಾತಿಲ್ಲದೆ ಕಿಟಕಿಯ ಹೊರಗೆ ನೋಡಿದೆವು. ಮಗನೂ ಇನ್ನೊಂದು ಕಿಟಕಿಯ ಕಡೆ ತಿರುಗಿದ್ದ.

ಈ ಕಾಡಿನ ಕಥೆ ಕೇಳುವಂಥದು. ತಿಜೂಕ ಎಂಬ ಈ ಅರಣ್ಯ ಹುಟ್ಟು ಕಾಡಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಕಾಫಿ ತೋಟಕ್ಕಾಗಿ ಈ ಬೆಟ್ಟಗಳನ್ನು ಕಡಿದು ಬೋಳಿಸಿದರು. ಮರ ಹೋದ ಮೇಲೆ ತೊರೆ ಬತ್ತಿ, ನಗರಕ್ಕೆ ಕುಡಿಯುವ ನೀರು ಸಾಲದಾಯಿತು. ಆಗ 1861ರಲ್ಲಿ ಚಕ್ರವರ್ತಿ ಬೆಟ್ಟಕ್ಕೆ ಮರಳಿ ಮರ ನೆಡಲು ಆಜ್ಞೆ ಮಾಡಿದ. ಮೇಜರ್ ಆರ್ಚರ್ ಎಂಬ ಅಧಿಕಾರಿಯ ಕೈಕೆಳಗೆ ಮುಂದಿನ ಹನ್ನೆರಡು ಹದಿಮೂರು ವರ್ಷಗಳಲ್ಲಿ ಒಂದು ಲಕ್ಷದಷ್ಟು ಸಸಿ ನೆಟ್ಟರು. ಮೊದಲಿಗೆ ಗುಂಡಿ ತೋಡಿ ನೆಟ್ಟವರು ಆರು ಜನ ಗುಲಾಮರು: ಎಲೆಉತೆರಿಯೊ, ಕಾನ್ಸ್ತಾಂತಿನೊ, ಮನುವೆಲ್, ಮತೆವುಸ್, ಲೆಯೊಪೊಲ್ದೊ ಮತ್ತು ಮರಿಯ ಎಂಬ ಒಬ್ಬ ಹೆಣ್ಣುಮಗಳು. ಇಷ್ಟು ದೊಡ್ಡ ಪುಣ್ಯದ ಕೆಲಸವನ್ನು ಕಾಯಕವೆಂದು ಕರೆಯಲು ನಮ್ಮ ನಾಲಿಗೆ ಏಳಲಿಲ್ಲ. ಕಾಯಕಕ್ಕೆ ಒಪ್ಪಿದ ಮನಸ್ಸು ಬೇಕು. ಅವರನ್ನು ಒಪ್ಪಿಗೆ ಕೇಳಿದವರು ಯಾರು? ಆದರೂ ಆ ಊರು ಇಂದು ನೆರಳು ಉಣ್ಣುತ್ತಿರುವುದು ಆ ಆರು ಜನರ ಕೈಯಿಂದ. ಹೆಸರುಗಳಾದರೂ ಉಳಿದವಲ್ಲ ಎಂದುಕೊಂಡೆವು.

ಶಿಖರದಲ್ಲಿ ರೈಲಿಳಿದು ಮುಂದೆ ಲಿಫ್ಟು, ಚಲಿಸುವ ಮೆಟ್ಟಿಲು. 2003ಕ್ಕೆ ಮೊದಲು ಇನ್ನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಬೇಕಾಗಿತ್ತಂತೆ. ನಮ್ಮ ಮನೆಯವರ ಮೊಣಕಾಲು ಆಗ ಒಪ್ಪುತ್ತಿರಲಿಲ್ಲ. ವಿಗ್ರಹ 30 ಮೀಟರ್ ಎತ್ತರ, ಪೀಠ 8 ಮೀಟರ್, ಚಾಚಿದ ಕೈಗಳು ಬೆರಳ ತುದಿಯಿಂದ ಬೆರಳ ತುದಿಗೆ 28 ಮೀಟರ್. ಎಟೊರ್ ದ ಸಿಲ್ವ ಕೋಸ್ತ ಎಂಬ ಬ್ರೆಜಿಲಿನ ಎಂಜಿನಿಯರ್ ಕಟ್ಟಿಸಿದ. ರೂಪ ಕೊಟ್ಟವನು ಫ್ರಾನ್ಸಿನ ಶಿಲ್ಪಿ ಪಾಲ್ ಲಾಂಡೊವ್‌ಸ್ಕಿ. 1931ರ ಅಕ್ಟೋಬರ್ 12ರಂದು ಲೋಕಾರ್ಪಣೆಯಾಯಿತು. ಜನರಿತ್ತ ಕಾಣಿಕೆಯಿಂದಲೇ ಆದ ಕೆಲಸ.

ಇವೆಲ್ಲಕ್ಕಿಂತ ನಮ್ಮ ಮನಸ್ಸು ಹಿಡಿದದ್ದು ಒಂದು ಸಣ್ಣ ಸಂಗತಿ. ಒಳಗೆ ಕಾಂಕ್ರೀಟ್, ಮೇಲ್ಮೈಗೆ ಮಾತ್ರ ಬಳಪದ ಕಲ್ಲಿನ ಸಣ್ಣ ತ್ರಿಕೋನ ಬಿಲ್ಲೆಗಳ ಹೊದಿಕೆ. ಬೇಲೂರು, ಹಳೇಬೀಡುಗಳ ಶಿಲ್ಪಿಗಳು ಹೂವಿನಂತೆ ಕೊರೆದುದು ಇದೇ ಜಾತಿಯ ಕಲ್ಲನ್ನು. ಕೊರೆಯಲು ಮೃದು, ಬಿಸಿಲು ಮಳೆಗೆ ಗಟ್ಟಿ. ಆ ಬಿಲ್ಲೆಗಳನ್ನು ಬಟ್ಟೆಯ ಮೇಲೆ ಒಂದೊಂದಾಗಿ ಅಂಟಿಸಿಕೊಟ್ಟವರು ನಗರದ ಹೆಣ್ಣುಮಕ್ಕಳು. ಅಂಟಿಸುವಾಗ ಕೆಲವರು ಬಿಲ್ಲೆಯ ಹಿಂಬದಿಗೆ ತಮ್ಮ ಮನೆಯವರ ಹೆಸರು ಬರೆದರಂತೆ. ಗಂಡನ ಹೆಸರು, ಮಕ್ಕಳ ಹೆಸರು. ಆ ಹೆಸರುಗಳು ಯಾರಿಗೂ ಕಾಣುವುದಿಲ್ಲ. ಇನ್ನು ಮುಂದೆ ಯಾರೂ ಓದುವುದಿಲ್ಲ. ಆದರೂ ಆ ತಾಯಂದಿರು ಬರೆದರು. ಬಳಪ ಹಿಡಿದು ಪಾಟಿಯ ಮೇಲೆ ಅಕ್ಷರ ತಿದ್ದಿದ ನಮಗೆ, ಬಳಪದ ಕಲ್ಲಿನ ಬೆನ್ನ ಮೇಲೆ ಬರೆದ ಹೆಸರೆಂದರೆ ಕಣ್ಣು ಒದ್ದೆಯಾಯಿತು.

ಹೀಗೆ ತಲೆಯೆತ್ತಿ ನಿಂತು ಯೋಚಿಸುತ್ತಿದ್ದ ನಾವು ತಲೆ ಇಳಿಸಿ ನೋಡಿದರೆ ನಮ್ಮವರಾರೂ ಇಲ್ಲ! ಸುತ್ತ ನೂರಾರು ಜನ, ಎಲ್ಲರೂ ಕೈ ಚಾಚಿ ಚಿತ್ರ ತೆಗೆಸಿಕೊಳ್ಳುವ ಗದ್ದಲ. ಫೋನು ಸೊಸೆಯ ಚೀಲದಲ್ಲಿತ್ತು. ಕನ್ನಡ, ಸಂಸ್ಕೃತಗಳಲ್ಲಿ ಗಂಟೆಗಟ್ಟಲೆ ಉಪನ್ಯಾಸ ಮಾಡಿದ, ಹಿಂದಿ, ಇಂಗ್ಲಿಷುಗಳನ್ನೂ ಬಲ್ಲ ನಾವು ಅಲ್ಲಿ ಮೂಗರಾಗಿ ನಿಂತೆವು. ಒಬ್ಬರನ್ನು ಇಂಗ್ಲಿಷಿನಲ್ಲಿ ಕೇಳಿದೆವು, ಅವರು ನಕ್ಕು ಕೈಯಾಡಿಸಿದರು. ಕಾಲು ನಡುಗತೊಡಗಿತು. ಆಗ ಜಪಮಾಲೆ ಹಿಡಿದ ಒಬ್ಬ ಮುದುಕಿ ನಮ್ಮ ಮುಖ ನೋಡಿ ಹತ್ತಿರ ಬಂದು, “ಕಾಲ್ಮ, ಕಾಲ್ಮ” ಎಂದು ಕೈಹಿಡಿದು, ಪೀಠದ ಅಡಿಯಲ್ಲಿರುವ ಪುಟ್ಟ ಪ್ರಾರ್ಥನಾ ಮಂದಿರದ ಬಾಗಿಲಿನ ನೆರಳಿಗೆ ಕರೆದೊಯ್ದು ನಿಲ್ಲಿಸಿದಳು. ಸಮಾಧಾನ ತಂದುಕೋ ಎಂಬುದು ಆ ಮಾತಿನ ಅರ್ಥವೆಂದು ಆಮೇಲೆ ತಿಳಿಯಿತು. ಆಗ ತಿಳಿದದ್ದು ಅವಳ ಕೈಯ ಬಿಸುಪು ಮಾತ್ರ. ಹದಿನೈದು ನಿಮಿಷ ನಮ್ಮ ಕೈ ಬಿಡದೆ ನಿಂತಿದ್ದಳು. ಸೊಸೆ ಕೂಸನ್ನು ಎತ್ತಿಕೊಂಡು ಹುಡುಕುತ್ತ ಬಂದವಳು ಅವಳಿಗೆ ಅವರ ಭಾಷೆಯಲ್ಲಿಯೇ ವಂದನೆ ಹೇಳಿದಳು. ಮುದುಕಿ ಕೂಸಿನ ಕೆನ್ನೆ ಮುಟ್ಟಿ ಹೋದಳು.

“ಹೆದರಿದಿರಾ ಮಾವನವರೆ?” ಎಂದು ಸೊಸೆ ಕೇಳಿದಳು. ಹೆದರಿದೆವೆಂದು ಒಪ್ಪಿಕೊಂಡೆವು. ಅವಳು ಮೆಲ್ಲಗೆ, “ಮೊದಲ ವರ್ಷ ನಾನು ದಿನಾಲೂ ಹೀಗೇ ಇದ್ದೆ. ಅಂಗಡಿಗೆ ಹೋಗಿ ಉಪ್ಪು ಕೇಳಲಿಕ್ಕೂ ಬರುತ್ತಿರಲಿಲ್ಲ” ಎಂದಳು. ಪ್ರತಿ ರವಿವಾರ ಫೋನಿನಲ್ಲಿ “ಎಲ್ಲಾ ಆರಾಮ ರೀ” ಎನ್ನುತ್ತಿದ್ದ ಆ ಮಗಳ ದನಿಯ ಹಿಂದೆ ಏನಿತ್ತೆಂದು ಆರು ವರ್ಷಗಳಲ್ಲಿ ನಾವು ಒಮ್ಮೆಯೂ ಕೇಳಿರಲಿಲ್ಲ. ಯಾವಾಗ ಬರುತ್ತೀರಿ ಎಂದಷ್ಟೇ ಕೇಳಿದ್ದೆವು.

ಬೆಟ್ಟವಿಳಿದು ಸಸ್ಯೋದ್ಯಾನಕ್ಕೆ ಹೋದೆವು. ನೆಪೋಲಿಯನ್ನನ ದಂಡಿಗೆ ಹೆದರಿ ಲಿಸ್ಬನ್ನಿನಿಂದ ಪರಿವಾರಸಮೇತ ಕಡಲು ದಾಟಿ ಬಂದ ಪೋರ್ಚುಗಲ್ಲಿನ ರಾಜಕುಮಾರ ಜುವಾವ್ 1808ರಲ್ಲಿ ಇದನ್ನು ಆರಂಭಿಸಿದ. ಪೂರ್ವದೇಶಗಳ ಸಾಂಬಾರ ಗಿಡಗಳನ್ನು ಈ ಮಣ್ಣಿಗೆ ಒಗ್ಗಿಸುವುದು ಅವನ ಉದ್ದೇಶ. ಒಳಗೆ ಕಾಲಿಟ್ಟರೆ ಕಂಬದಂತೆ ನೆಟ್ಟಗೆ ಮುಗಿಲಿಗೆ ಏರಿದ ತಾಳೆಮರಗಳ ಸಾಲು. 1809ರಲ್ಲಿ ನೆಟ್ಟ ಒಂದೇ ತಾಯಿಮರದ ಸಂತಾನವಂತೆ ಇವು. ತಾಯಿಮರ 1972ರಲ್ಲಿ ಸಿಡಿಲಿಗೆ ಸುಟ್ಟುಹೋಯಿತು. ಮಕ್ಕಳು ಸಾಲಾಗಿ ನಿಂತಿವೆ. ಕೂಸು ಆ ಎತ್ತರಕ್ಕೆ ಕತ್ತೆತ್ತಿ ನೋಡಿ ನಗತೊಡಗಿತು.

ಮಧ್ಯಾಹ್ನದ ಊಟ ಹತ್ತಿರದ ಕೆರೆಯ ದಂಡೆಯಲ್ಲಿ. ಅಲ್ಲಿಯ ಜನಕ್ಕೆ ಅನ್ನ ಮತ್ತು ಕರಿ ಅವರೆಯ ಜಾತಿಯ ಕಾಳಿನ ಸಾರು ನಿತ್ಯದ ಊಟ. ಆದರೆ ಸಾರಿಗೆ ಮಾಂಸ ಸೇರಿಸುವ ರೂಢಿ ಇರುವುದರಿಂದ ಸೊಸೆ ಮನೆಯಿಂದಲೇ ಬುತ್ತಿ ಕಟ್ಟಿಕೊಂಡು ಬಂದಿದ್ದಳು. ಊರಿಂದ ನಾವು ಒಯ್ದಿದ್ದ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು. “ಅಜ್ಜಿಯ ಊರಿನ ಊಟ” ಎಂದು ಮೊಮ್ಮಗ ಚಪ್ಪಾಳೆ ತಟ್ಟಿದ. ಸೊಸೆ ನಕ್ಕು, “ಶೇಂಗಾ ಹುಟ್ಟಿದ್ದೇ ಈ ದಕ್ಷಿಣ ಅಮೆರಿಕದಲ್ಲಿ. ಚಟ್ನಿಗೆ ಹಾಕಿದ ಮೆಣಸಿನಕಾಯಿಯೂ ಅಮೆರಿಕ ಖಂಡದ್ದೇ” ಎಂದಳು. “ಬ್ಯಾಡಗಿ ಮೆಣಸಿನಕಾಯಿ ಬ್ಯಾಡಗಿದಲ್ಲೇನ ಹಂಗಾರ?” ಎಂದು ನಮ್ಮ ಮನೆಯವರು ಹುಬ್ಬೇರಿಸಿದರು. ಗೋಡಂಬಿ, ಪರಂಗಿ ಹಣ್ಣು, ಸೀಬೆ, ಬಟಾಟೆ ಎಲ್ಲವೂ ಈ ಕಡೆಯಿಂದ ಹಡಗೇರಿ ಬಂದವೇ. ಜೋಳವಾದರೂ ಇರಲಿ ಎಂದರೆ ಅದು ಸಾವಿರಾರು ವರ್ಷಗಳ ಹಿಂದೆ ಆಫ್ರಿಕದಿಂದ ಬಂದ ಕಾಳಂತೆ! ನಮ್ಮ ಬುತ್ತಿಯಲ್ಲಿ ಅಪ್ಪಟ ನಮ್ಮದೆನ್ನಲು ಮೊಸರೊಂದು ಉಳಿಯಿತು. ಅದನ್ನೂ ಅಲ್ಲಿಯ ಹಾಲಿಗೇ ಹೆಪ್ಪು ಹಾಕಿದ್ದರು.

ಆದರೂ ಆ ಬ್ರೆಜಿಲಿನ ಹಾಲು ಕೂಡ ಒಂದು ಬಗೆಯಲ್ಲಿ ನಮ್ಮದೇ. ಬ್ರೆಜಿಲಿನ ಬಯಲುಗಳಲ್ಲಿ ಇಂದು ಮೇಯುವ ಗೋವುಗಳಲ್ಲಿ ಬಹುಪಾಲು ಡುಬ್ಬವುಳ್ಳ ಭಾರತೀಯ ಸಂತತಿ. ಆಂಧ್ರದ ಓಂಗೋಲ್ ತಳಿ ಅಲ್ಲಿ ನೆಲೋರ್ ಎಂಬ ಹೆಸರಿನಿಂದ ಪ್ರಸಿದ್ಧ. ಗುಜರಾತಿನ ಗೀರ್ ತಳಿಯನ್ನು ಹಾಲಿಗಾಗಿ ಸಾಕುತ್ತಾರೆ. ಮಾತುಗಳೂ ಹಾಗೆಯೇ. ನಾವು ದಿನನಿತ್ಯ ಆಡುವ ಚಾವಿ, ಅಲಮಾರು, ಮೇಸ್ತ್ರಿ, ಪಾದ್ರಿ, ಬಟಾಟೆ ಇವೆಲ್ಲ ಪೋರ್ಚುಗೀಸ್ ಮೂಲದವು. ಅನಾನಸು ಎಂಬುದು ಈ ಖಂಡದ ಮೂಲ ನಿವಾಸಿಗಳ ಮಾತು. ಮೊಮ್ಮಗ ತನ್ನ ಶಾಲೆಯಲ್ಲಿ ಆಡುವ ಎಷ್ಟೋ ಶಬ್ದ ನಮ್ಮ ಮುತ್ತಜ್ಜಿಯ ಬಾಯಲ್ಲೂ ಇತ್ತೆಂಬುದನ್ನು ಹೇಳಿದಾಗ ಅವನು ಒಂದೊಂದನ್ನೇ ಎಣಿಸತೊಡಗಿದ.

ಊಟದ ಮೇಲೆ ಮಗ ನಮ್ಮನ್ನು ಹಳೆಯ ಬಂದರಿನ ಕಡೆಗೆ ಕರೆದೊಯ್ದ. ಪ್ರವಾಸಿಗರ ದಟ್ಟಣೆ ಅಲ್ಲಿ ಇರಲಿಲ್ಲ. ರಸ್ತೆಗಿಂತ ತಗ್ಗಿನಲ್ಲಿ ಒರಟು ಕಲ್ಲುಗಳನ್ನು ಹಾಸಿದ ಒಂದು ಹೊಂಡ, ಸುತ್ತ ಕಟಕಟೆ. ಇದು ವಲೋಂಗೊ ಧಕ್ಕೆ. 1811ರಲ್ಲಿ ಕಟ್ಟಿದ ಈ ಧಕ್ಕೆ ಮತ್ತು ಇದರ ಸುತ್ತಲ ನೆಲದ ಮೇಲೆ, ಆಫ್ರಿಕದಿಂದ ಸೆರೆಹಿಡಿದು ತಂದ ಸುಮಾರು 9,00,000 ಜನ ಇಳಿದರೆಂದು ಬಲ್ಲವರ ಲೆಕ್ಕ. ಅನಂತರ 1843ರಲ್ಲಿ ರಾಣಿಯೊಬ್ಬಳ ಸ್ವಾಗತಕ್ಕಾಗಿ ಇದರ ಮೇಲೆಯೇ ಚೆಂದದ ಧಕ್ಕೆ ಕಟ್ಟಿ ಇದನ್ನು ಮುಚ್ಚಿದರು. 1911ರಲ್ಲಿ ಅದನ್ನೂ ಮುಚ್ಚಿ ಬಂದರನ್ನು ಹೊಸದಾಗಿಸಿದರು. ನೂರು ವರ್ಷಗಳ ಮೇಲೆ, 2011ರಲ್ಲಿ ರಸ್ತೆಯ ಕೆಲಸಕ್ಕೆ ಅಗೆದಾಗ ಕಲ್ಲುಗಳು ಮತ್ತೆ ಮೇಲೆದ್ದವು. ಜೊತೆಗೆ ಮಣಿ, ಕವಡೆ, ತಾಯಿತಗಳು. 2017ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ತಾಣವೆಂದು ಸಾರಿತು. ಅನತಿ ದೂರದಲ್ಲಿ ಒಂದು ಸಂಸಾರ 1996ರಲ್ಲಿ ತಮ್ಮ ಮನೆಯನ್ನು ದುರಸ್ತಿ ಮಾಡಿಸುವಾಗ ನೆಲದಡಿ ಮನುಷ್ಯರ ಎಲುಬುಗಳು ದೊರೆತವು. ಹಡಗಿನಿಂದ ಇಳಿದು ಮಾರಾಟವಾಗುವ ಮೊದಲೇ ಸತ್ತವರನ್ನು ಹೂಳಿದ ಜಾಗ ಅದು. ಆ ಸಂಸಾರದವರು ಅದನ್ನು ಮುಚ್ಚಿಹಾಕದೆ ಸ್ಮಾರಕವಾಗಿಸಿದರು. ಬ್ರೆಜಿಲಿನಲ್ಲಿ ಗುಲಾಮಗಿರಿ ಕಾನೂನಿನಿಂದ ಅಳಿದದ್ದು 1888ರಲ್ಲಿ. ಅಮೆರಿಕ ಖಂಡಗಳಲ್ಲಿ ಎಲ್ಲಕ್ಕೂ ಕೊನೆಗೆ.

ನಾವು ಕಟಕಟೆ ಹಿಡಿದು ಬಹಳ ಹೊತ್ತು ನಿಂತೆವು. ಅವರಲ್ಲಿ ಎಷ್ಟೋ ಜನರಿಗೆ ಹಡಗು ಹತ್ತಿಸುವ ಮೊದಲೇ ನೀರು ಚಿಮುಕಿಸಿ ಬೇರೆ ಹೆಸರಿಡುತ್ತಿದ್ದರಂತೆ. ಊರು ಹೋಯಿತು, ಭಾಷೆ ಹೋಯಿತು, ತಾಯಿ ಇಟ್ಟ ಹೆಸರೂ ಹೋಯಿತು. ನಮ್ಮ ಮನಸ್ಸಿಗೆ ನಾಚಿಕೆಯಾಯಿತು. ಮಗ ದೂರ ಹೋದನೆಂದು ಆರು ವರ್ಷ ನಾವು ಪಟ್ಟ ದುಃಖವನ್ನು ಎಂಥ ದೊಡ್ಡ ಮಾತುಗಳಲ್ಲಿ ಆಡಿಕೊಂಡಿದ್ದೆವು! ಬೇರು ಕಿತ್ತುಹೋಯಿತು ಎಂದೂ, ವಂಶ ಪರದೇಶಿಯಾಯಿತು ಎಂದೂ ನೆಂಟರೆದುರು ಹೇಳಿದ್ದುಂಟು. ಬೇರು ಕೀಳುವುದೆಂದರೇನೆಂದು ಈ ಕಲ್ಲುಗಳಿಗೆ ಗೊತ್ತು. ನಮ್ಮ ಮಗ ತನ್ನ ಇಚ್ಛೆಯಿಂದ, ತನ್ನ ಹೆಸರಿನೊಡನೆ, ಹೆಂಡತಿ ಮಕ್ಕಳ ಕೈ ಹಿಡಿದುಕೊಂಡು ಬಂದವನು. ವಾರಕ್ಕೊಮ್ಮೆ ಅವನ ದನಿ ನಮ್ಮ ಮನೆಯಲ್ಲಿ ಕೇಳುತ್ತದೆ. ಎರಡನ್ನೂ ಒಂದೇ ಮಾತಿನಿಂದ ಕರೆಯಲಾಗದು.

ಸಂಜೆ ನಾಲ್ಕರ ಸುಮಾರಿಗೆ ಆರತಿ ಗುಡ್ಡಕ್ಕೆ ಹೊರಟೆವು. ತಂತಿಯ ಮೇಲೆ ತೂಗುತ್ತ ಹೋಗುವ ಗಾಜಿನ ಗಾಡಿ ಮೊದಲು 220 ಮೀಟರ್ ಎತ್ತರದ ಊರ್ಕ ಗುಡ್ಡಕ್ಕೆ ಮುಟ್ಟಿಸುತ್ತದೆ. ಅಲ್ಲಿಂದ ಇನ್ನೊಂದು ಗಾಡಿ 396 ಮೀಟರಿನ ತುದಿಗೆ. ಈ ತಂತಿಮಾರ್ಗದ ಮೊದಲ ಹಂತ 1912ರಲ್ಲಿ ಆರಂಭವಾಯಿತು. ಗಾಡಿ ಕಂಬ ಬಿಟ್ಟು ಗಾಳಿಗೆ ತೇಲಿದಾಗ ನಮ್ಮ ಮನೆಯವರು ಕಣ್ಣು ಮುಚ್ಚಿ ನಮ್ಮ ತೋಳು ಹಿಡಿದರು. ಮದುವೆಯಾಗಿ ನಲವತ್ತು ವರ್ಷಗಳಲ್ಲಿ ನಾಲ್ಕು ಜನರ ಎದುರಿಗೆ ಹಾಗೆ ಹಿಡಿದದ್ದು ಅದೇ ಮೊದಲು. ಮೇಲಿನಿಂದ ಕಂಡ ನೋಟವನ್ನು ಬಣ್ಣಿಸಲು ಹೋಗುವುದಿಲ್ಲ. ಒಂದು ಕಡೆ ಗ್ವನಬಾರ ಕೊಲ್ಲಿ, ಇನ್ನೊಂದು ಕಡೆ ತೆರೆದ ಮಹಾಸಾಗರ. 1502ರ ಜನವರಿಯಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ್ ನಾವಿಕರು ಕೊಲ್ಲಿಯನ್ನು ನದಿಯೆಂದು ತಿಳಿದು ‘ಜನವರಿಯ ನದಿ’ ಎಂದು ಹೆಸರಿಟ್ಟರಂತೆ. ತಪ್ಪು ತಿಳಿವಳಿಕೆಯಿಂದ ಬಿದ್ದ ಹೆಸರೇ ಊರಿಗೆ ನಿಂತಿತು.

ಸೂರ್ಯ ಬೆಟ್ಟಗಳ ಹಿಂದೆ ಇಳಿದ. ಹೆಂಗಸರು ಕೂಸಿಗೆ ಹಾಲು ಕುಡಿಸಲು ಒಂದು ಕಡೆ ಕುಳಿತರು. ಕಟ್ಟೆಯ ಬಳಿ ಮಗ ಮತ್ತು ನಾವು ಇಬ್ಬರೇ. ನಮ್ಮ ಕೈ ಒಳಜೇಬಿಗೆ ಹೋಯಿತು. ಅಷ್ಟರಲ್ಲಿ ಮಗನೇ ಹೇಳಿದ: “ಅಪ್ಪಾಜಿ, ಆ ಕಾಗದದ ವಿಷಯ ಕಾಕಾ ನನಗೆ ಆಗಲೇ ಫೋನಿನಲ್ಲಿ ತಿಳಿಸಿದ್ದಾರೆ. ನೀವು ಯಾವಾಗ ಕೇಳುತ್ತೀರೋ ಎಂದು ಮೂರು ವಾರದಿಂದ ಕಾದಿದ್ದೇನೆ.”

ನಾವು ಕಾಗದ ಹೊರತೆಗೆಯಲಿಲ್ಲ. “ಹೇಳಪ್ಪಾ” ಎಂದೆವು.

“ಬರುತ್ತೇನೆ ಎಂದರೆ ಸುಳ್ಳಾದೀತು. ಬರುವುದೇ ಇಲ್ಲ ಎನ್ನಲೂ ಬಾಯಿ ಬರುವುದಿಲ್ಲ. ಇಲ್ಲಿದ್ದರೆ ಊರು ನೆನಪಾಗುತ್ತದೆ. ಊರಿಗೆ ಬಂದರೆ ನಾಲ್ಕು ದಿನಕ್ಕೆ ಇಲ್ಲಿಯ ಕೆಲಸ ನೆನಪಾಗುತ್ತದೆ. ನನಗೇ ಗೊತ್ತಿಲ್ಲದ್ದನ್ನು ನಿಮಗೇನು ಹೇಳಲಿ?” ಅವನ ದನಿ ನಡುಗಿತು. ನಲವತ್ತರ ಹತ್ತಿರದ ಮಗ ಕಣ್ಣೊರೆಸಿಕೊಳ್ಳುವುದನ್ನು ನೋಡುವುದು ತಂದೆಗೆ ಸುಲಭವಲ್ಲ.

ಆಗ ನಮಗೆ ನೆನಪಾದದ್ದು 1967ನೆಯ ಇಸವಿ. ಮೊಮ್ಮಗನಷ್ಟೇ, ಒಂಬತ್ತು ವರ್ಷದ ಹುಡುಗ ನಾವು. ಊರಲ್ಲಿ ಮುಂದೆ ಓದಿಸುವ ಶಕ್ತಿ ತಂದೆಯವರಿಗಿರಲಿಲ್ಲ. ಮಠದ ಪ್ರಸಾದನಿಲಯಕ್ಕೆ ಸೇರಿಸಲು ನಮ್ಮನ್ನು ಬಸ್ಸು ಹತ್ತಿಸಿದರು. ತಾಯಿ ಅತ್ತರು, ತಂದೆಯವರು ಅಳಲಿಲ್ಲ. ಆ ದಿನ ಊರು ಬಿಟ್ಟ ನಾವು ಮತ್ತೆ ಆ ಊರಲ್ಲಿ ಸಂಸಾರ ಹೂಡಲಿಲ್ಲ. ಮಠ, ಪಾಠಶಾಲೆ, ಕಾಲೇಜು, ನೌಕರಿ ಎಂದು ಊರೂರು ತಿರುಗಿದೆವು. ತಂದೆಯವರು ವರ್ಷಕ್ಕೊಮ್ಮೆ ದಾಸೋಹಕ್ಕೆಂದು ಒಂದು ಚೀಲ ಜೋಳ ಹೊತ್ತುಕೊಂಡು ಮಠಕ್ಕೆ ಬರುತ್ತಿದ್ದರು. ಗುರುಗಳನ್ನು “ಹುಡುಗ ಚಲೋ ಓದ್ಯಾನೇನ್ರಿ?” ಎಂದು ಕೇಳುತ್ತಿದ್ದರು. ಯಾವಾಗ ಮನೆಗೆ ಕಳಿಸುತ್ತೀರಿ ಎಂದು ಒಮ್ಮೆಯೂ ಕೇಳಲಿಲ್ಲ. ಅವರು ಲಿಂಗೈಕ್ಯರಾದ ಮೇಲೆ ಮನೆಯ ಗೋಡೆಯ ಮಾಡದಲ್ಲಿ ನಮ್ಮ ಒಡೆದ ಪಾಟಿ ದೊರೆಯಿತು. ಇಪ್ಪತ್ತೆಂಟು ವರ್ಷ ಕಾಯ್ದಿಟ್ಟಿದ್ದರು. ಕೇಳದೆ ಉಳಿದ ಪ್ರಶ್ನೆಯ ಭಾರ ಎಷ್ಟೆಂದು ಅಂದು ನಮಗೆ ತಿಳಿದಿರಲಿಲ್ಲ. ಆ ಗುಡ್ಡದ ಮೇಲೆ ತಿಳಿಯಿತು.

ಈ ಕಥೆಯನ್ನು ಮಗನಿಗೆ ನಾವು ಹಿಂದೆಂದೂ ಹೇಳಿರಲಿಲ್ಲ. ಅಂದು ಹೇಳಿದೆವು. ಕೊನೆಗೆ, “ನಿಮ್ಮಜ್ಜ ನಮ್ಮನ್ನು ಕೇಳಲಿಲ್ಲ. ನಾವು ನಿನ್ನನ್ನು ಕೇಳುವುದಿಲ್ಲ. ಮುಂದಿನ ಭಾಗ ಕಾಕಾ ದುರಸ್ತಿ ಮಾಡಿಕೊಳ್ಳಲಿ. ಪಡಸಾಲೆಯ ಪಕ್ಕದ ಒಂದು ಕೋಣೆ ಮಾತ್ರ ನಿನ್ನ ಹೆಸರಿಗಿರಲಿ, ನೀನು ಬಂದಾಗ ಬೀಗ ತೆಗೆದರಾಯಿತು. ಆದರೆ ಹಲಸಿನ ಮರದ ಮಾತು ಮರೆಯಬೇಡ. ನಿಂತ ನೆಲದಲ್ಲಿ ನೆರೆಯವರಿಗೂ ಜಾಗ ಬಿಟ್ಟು ಬೆಳೆ. ಮಕ್ಕಳಿಗೆ ಅವರ ಮಾತೂ ಬರಲಿ, ನಮ್ಮ ಮಾತೂ ಉಳಿಯಲಿ” ಎಂದೆವು. ಮಗ ನಮ್ಮ ಪಾದ ಮುಟ್ಟಲು ಬಾಗಿದ. ಎತ್ತಿ ಅಪ್ಪಿಕೊಂಡೆವು.

ಕತ್ತಲೆ ಕವಿಯಿತು. ಊರಲ್ಲಿ ಆಗ ನಡುರಾತ್ರಿ ಕಳೆದು ಎರಡೂವರೆ ಗಂಟೆ. ಮೊಮ್ಮಗ ಓಡಿ ಬಂದು ನಮ್ಮ ಬೆರಳು ಹಿಡಿದು ಸಾಗರದ ಮೇಲಿನ ಆಕಾಶ ತೋರಿಸಿದ. “ಅಜ್ಜಾ, ಅದು ನಮ್ಮ ಬಾವುಟದಲ್ಲಿರೋ ನಕ್ಷತ್ರ!” ಶಿಲುಬೆಯಾಕಾರದ ನಾಲ್ಕು ಚುಕ್ಕೆಗಳು ತೆಂಕಣದಲ್ಲಿ ಎತ್ತರವಾಗಿ ಹೊಳೆಯುತ್ತಿದ್ದವು. ‘ನಮ್ಮ ಬಾವುಟ’ ಎಂಬ ಅವನ ಮಾತು ಬೆಳಿಗ್ಗೆಯಾಗಿದ್ದರೆ ನಮ್ಮನ್ನು ಚುಚ್ಚುತ್ತಿತ್ತು. ನಾವು ಅವನನ್ನು ಹತ್ತಿರಕ್ಕೆ ಸೆಳೆದು, “ಅದಕ್ಕೆ ನಮ್ಮಲ್ಲಿ ತ್ರಿಶಂಕು ಎನ್ನುತ್ತಾರೆ” ಎಂದು ಸ್ವರ್ಗಕ್ಕೂ ಸೇರದೆ ಭೂಮಿಗೂ ಇಳಿಯದೆ ನಡುವೆ ನಿಂತ ರಾಜನ ಕಥೆ ಹೇಳಿದೆವು. “ಪಾಪ, ಅವನಿಗೆ ಬೇಜಾರಾಗಲ್ವಾ?” ಎಂದ ಹುಡುಗ. ಸ್ವಲ್ಪ ಯೋಚಿಸಿ ಅವನೇ, “ಇಲ್ಲ ಬಿಡು. ಅಲ್ಲಿಂದ ಎರಡೂ ಕಡೆ ಕಾಣುತ್ತೆ” ಎಂದ. ಎಷ್ಟೋ ಸಲ ಆ ಕಥೆಯನ್ನು ಪುರಾಣದಲ್ಲಿ ಹೇಳಿದ ನಮಗೆ ಈ ಅರ್ಥ ಹೊಳೆದಿರಲಿಲ್ಲ.

ನಾವು ಮರಳಿ ಬಂದ ಮೇಲೆ ತಮ್ಮನೊಡನೆ ಕುಳಿತು ಮನೆಯ ವ್ಯವಸ್ಥೆ ಮುಗಿಸಿದೆವು. ಒಂದು ಕೋಣೆಗೆ ಬೀಗ ಹಾಕಿದೆ, ಚಾವಿ ನಮ್ಮಲ್ಲಿದೆ. ಮೊಮ್ಮಗ ವಾರಕ್ಕೊಂದು ಪುಟ ಕನ್ನಡದಲ್ಲಿ ಬರೆದು ಫೋನಿನಲ್ಲಿ ಕಳಿಸುತ್ತಾನೆ. ಒತ್ತಕ್ಷರಗಳು ತಪ್ಪಿದರೂ ಮಾತು ತಪ್ಪುವುದಿಲ್ಲ. 2024ರ ಬೇಸಿಗೆಯಲ್ಲಿ ಒಂದು ರಾತ್ರಿ ನಾವಿಬ್ಬರೂ ಮಾಳಿಗೆಯ ಮೇಲೆ ಹಾಸಿಗೆ ಹಾಸಿಕೊಂಡು ಮಲಗಿದ್ದೆವು. ತೆಂಕಣ ದಿಕ್ಕಿನ ಬೇವಿನ ಮರದ ಮೇಲೆ, ದಿಗಂತಕ್ಕೆ ತೀರ ಹತ್ತಿರದಲ್ಲಿ ಅವೇ ನಾಲ್ಕು ಚುಕ್ಕೆಗಳು ಕಂಡವು. “ಅಲ್ಲಿ ಎಷ್ಟು ಮ್ಯಾಲಿದ್ದುವು, ಇಲ್ಲಿ ಎಷ್ಟು ಕೆಳಗ ಅದಾವ” ಎಂದರು ನಮ್ಮ ಮನೆಯವರು. ಚುಕ್ಕೆಗಳು ಅವೇ, ನೋಡುವವರು ನಿಂತ ನೆಲ ಬೇರೆ, ಅಷ್ಟೆ. ಇಬ್ಬರೂ ಅವು ಇಳಿಯುವವರೆಗೆ ನೋಡುತ್ತ ಮಲಗಿದೆವು.